ಬಿಯರ್ ಬಾಟಲಿಯ ದ್ರಾಕ್ಷಾರಿಷ್ಟ

ನಮ್ಮ ಮನೆಯಲ್ಲಿ ಪ್ರತಿ ಚಳಿಗಾಲ ದ್ರಾಕ್ಷಾರಿಷ್ಟ ಮಾಡುತ್ತಿದ್ದರು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಕದಡಿ, ಹುಳಿ ಬರಿಸುವ ಧಾತಕಿ ಹೂವು ಉದುರಿಸಿ, ಭರಣಿಯ ಬಾಯಿಗೆ ಅರಿವೆ ಕಟ್ಟಿ ಮಣ್ಣು ಮೆತ್ತಿ, ಜೋಳದ ಹೊಟ್ಟಿನೊಳಗೆ ಹುಗಿದಿಟ್ಟರೆ ಅದು ಒಳಗೊಳಗೇ ಹುಳಿತು ಔಷಧವಾಗುತ್ತದೆ. ಬೆಲ್ಲ ಹುಳಿತರೆ ಏನು ಹುಟ್ಟುತ್ತದೆ ಎನ್ನುವುದು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ನನಗೂ ಗೊತ್ತಿತ್ತು, ಏನೂ ಓದದ ಬೈಲಹೊಂಗಲದ ಮಂದಿಗೂ ಗೊತ್ತಿತ್ತು. ಸಾರಾಯಿ ಅಂಗಡಿಯ ಮುಂದೆ ಹಾಯುವಾಗ ಮೂಗಿಗೆ ಸೆರಗು ಹಿಡಿಯುತ್ತಿದ್ದ ನಮ್ಮವ್ವ ರಾತ್ರಿ ಊಟದ ಮೇಲೆ ಎರಡು ಚಮಚ ಅರಿಷ್ಟ ಕುಡಿದು, ಗೋಡೆಗೆ ಒರಗಿ, ಮುಖ ಸಡಿಲಿಸಿಕೊಂಡು ಕೂಡುತ್ತಿದ್ದಳು. ನಾವು ಮಾಡುವುದು ಔಷಧ, ಅವರು ಕುಡಿಯುವುದು ಸೆರೆ. ಈ ಗೆರೆಯನ್ನು ಮನೆಯಲ್ಲಿ ಯಾರೂ ದಾಟುತ್ತಿರಲಿಲ್ಲ.

ಅಪ್ಪ ವೈದ್ಯ. ಅಜ್ಜನ ಕಾಲಕ್ಕೆ ಪೂಜೆ, ಪಂಚಾಂಗ, ವೈದ್ಯ ಮೂರೂ ಇದ್ದವು. ಅಪ್ಪನ ಕಾಲಕ್ಕೆ ಉಳಿದದ್ದು ವೈದ್ಯವೊಂದೇ. ಕಿತ್ತೂರಿನಿಂದ, ಸಿರಸಂಗಿಯಿಂದ ಬಾಣಂತಿಯರ ಕಡೆಯವರು ಅರಿಷ್ಟಕ್ಕೆಂದು ಬರುತ್ತಿದ್ದರು. ಅದನ್ನು ತುಂಬಿಕೊಡಲು ಬಾಟಲಿ ಬೇಕಲ್ಲ? ಹೊಸ ಬಾಟಲಿಯನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಹಳೆಯ ಬಾಟಲಿ ತರುವವಳು ಒಬ್ಬಳಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಗಂಡ ಸತ್ತವಳು, ತಲೆಯ ಮೇಲೆ ಬುಟ್ಟಿ. ನಾವು ಆಕೆಯನ್ನು 'ಬಾಟ್ಲಿಯಾಕಿ' ಎನ್ನುತ್ತಿದ್ದೆವು. ಆಕೆಯ ಹೆಸರು ನಾನು ಒಮ್ಮೆಯೂ ಕೇಳಲಿಲ್ಲ. ಈ ಬರಹದಲ್ಲಿ ಯಾರ ಹೆಸರನ್ನೂ ಹಾಕುತ್ತಿಲ್ಲ ನಿಜ, ಆದರೆ ಉಳಿದವರ ಹೆಸರು ನನಗೆ ಗೊತ್ತಿದೆ.

ಆಕೆ ಬಾಟಲಿ ತಂದು ಹಾಕಿ ಹೋಗುತ್ತಿರಲಿಲ್ಲ, ತೊಳೆದೂ ಕೊಡುತ್ತಿದ್ದಳು. ನಮ್ಮ ಹಿತ್ತಲಿನ ಬೇವಿನ ಮರದಾಚೆ ಆಕೆಯ ಜಾಗ, ಈಚೆ ಬರುವಂತಿರಲಿಲ್ಲ. ಬಾಟಲಿಯೊಳಗೆ ಬೂದಿ, ಹುಣಸೆಹಣ್ಣಿನ ನೀರು, ಒಂದು ಮುಷ್ಟಿ ಸಣ್ಣ ಹರಳು ಹಾಕಿ, ಬಾಯಿಗೆ ಅಂಗೈ ಒತ್ತಿ ಗಿರಗಿರ ತಿರುಗಿಸುತ್ತಿದ್ದಳು. ಆಮೇಲೆ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುವಳು. ಕೂದಲೆಳೆಯಷ್ಟು ಬಿರುಕಿದ್ದರೂ ಆಕೆಗೆ ಕಾಣುತ್ತಿತ್ತು. ಉಗುರಿನಿಂದ ಬಡಿದು ಸದ್ದು ಕೇಳಿ, ಬೇಡವಾದದ್ದನ್ನು ಬದಿಗಿಡುತ್ತಿದ್ದಳು. ಹೀಗೆ ತೊಳೆದವನ್ನು ಅವ್ವ ಮತ್ತೆ ನೀರು ಚಿಮುಕಿಸಿ ಶುದ್ಧ ಮಾಡಿಕೊಂಡು ಒಳಗೊಯ್ಯುತ್ತಿದ್ದಳು.

ಹೆಚ್ಚಿನವು ಬಿಯರ್ ಬಾಟಲಿಗಳು. ಬೆಳಗಾವಿಯ ಕಡೆಯಿಂದ ಬಂದವು. ಚೀಟಿಯನ್ನು ನೆನೆಸಿ ಕಿತ್ತೇ ತರುತ್ತಿದ್ದಳು. ಚೀಟಿ ಇಲ್ಲದಿದ್ದರೆ ಅಪ್ಪನಿಗೆ ಏನೂ ಕಾಣುತ್ತಿರಲಿಲ್ಲ. ಅವ್ವನಿಗೆ ಮಾತ್ರ ಆಕೆಯನ್ನು ಕೆಣಕುವ ಚಟ.

"ಇದರಾಗ ಮದಲ ಏನಿತ್ತಬೇ?"

"ನೀರ ಇತ್ರಿ ಬಾಯಾರ."

"ಎಂಥಾ ನೀರು?"

"ಕುಡದಾವ್ರು ಹಾಡ ಹಾಡೋ ಅಂಥಾ ನೀರ್ರಿ."

ಇಬ್ಬರೂ ನಗುತ್ತಿದ್ದರು, ಮರದ ಆಚೆ ಒಬ್ಬಳು, ಈಚೆ ಒಬ್ಬಳು. ಆ ನಗು ನನಗೆ ಸ್ಪಷ್ಟವಾಗಿ ನೆನಪಿದೆ. ಇಷ್ಟು ಸ್ಪಷ್ಟವಾಗಿ ನೆನಪಿರುವುದನ್ನು ಸಾಮಾನ್ಯವಾಗಿ ನಾನು ನಂಬುವುದಿಲ್ಲ. ಆದರೂ ಅವ್ವ ಗೊತ್ತಿದ್ದೇ ಬಾಟಲಿ ತೆಗೆದುಕೊಳ್ಳುತ್ತಿದ್ದಳು ಎನ್ನುವುದರಲ್ಲಿ ಅನುಮಾನವಿಲ್ಲ. ಎಲ್ಲರಿಗೂ ಗೊತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ರಾಮದುರ್ಗದಿಂದ ತವರಿಗೆ ಬಂದಳು. ಬಿಟ್ಟುಹೋಗಲು ಅವಳ ಮಾವ ಜೊತೆಗೆ ಬಂದಿದ್ದರು. ಊಟವಾದ ಮೇಲೆ ಬೀಗರಿಗೆಂದು ಅಪ್ಪ ಹಿಂದಿನ ವರ್ಷದ ಅರಿಷ್ಟ ತರಿಸಿದರು. ಬೀಗರು ಕುಡಿದರು, ಚೆನ್ನಾಗಿದೆ ಎಂದರು, ಇನ್ನೊಂದಿಷ್ಟು ಹಾಕಿಸಿಕೊಂಡರು. ಆಮೇಲೆ ಬಾಟಲಿಯನ್ನು ಎತ್ತಿ ತಳ ನೋಡಿದರು. ಗಾಜಿನಲ್ಲೇ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು.

"ಏನ್ರಿ ಆಚಾರ್ಯರ, ತಳದಾಗ ಏನೋ ಬರದದಲ್ಲ. ನನಗೂ ಒಂದೀಟು ಓದ್ಲಿಕ್ಕೆ ಬರ್ತದ. ನಮ್ಮ ಸೊಸಿಗೆ ಇದರಾಗಿಂದs ಕುಡಸವರೇನು?"

ಅಪ್ಪನ ಮುಖ ಕಪ್ಪಿಟ್ಟಿತು. "ಆಕಿ ಯಾವುದೋ ತಪ್ಪಿ ತಂದಾಳ್ರಿ" ಎಂದರು. ತಪ್ಪಿ ತಂದಿದ್ದಳಂತೆ! ವರ್ಷಗಟ್ಟಲೆ, ಬುಟ್ಟಿಗಟ್ಟಲೆ ತಪ್ಪಿ ತಂದಿದ್ದಳು!

ಮರುದಿನ ಆಕೆ ಬಂದಾಗ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದರು: "ಇನ್ನ ಮ್ಯಾಲೆ ಸೆರೆ ಇದ್ದದ್ದು ನಮ್ಮ ಹಿತ್ತಲಕ್ಕ ತರಬ್ಯಾಡ. ತಲಿಗೆ ಹಚ್ಚೋ ಎಣ್ಣಿದು, ಗುಲಾಬಿ ನೀರಿಂದು, ಅಂಥಾವು ತಾ."

"ಅವು ತೆಳ್ಳಗಿರ್ತಾವ್ರಿ ಆಚಾರ್ರ. ನಿಮ್ಮ ಔಷಧ ಉಸುರು ಬಿಡತೈತಿ. ತಡ್ಯಂಗಿಲ್ಲ."

"ನೀ ಏನು ವೈದ್ಯಕಿ ಆದೇನಬೇ?"

"ನಾ ಬಾಟ್ಲಿ ತೊಳಿಯಾಕಿರಿ. ಬಾಟ್ಲಿದಷ್ಟ ಹೇಳೇನಿ."

ಅಪ್ಪ ಒಳಗೆ ಹೋದರು. ಆಕೆ ಅವ್ವನ ಕಡೆ ತಿರುಗಿ ದನಿ ತಗ್ಗಿಸಿದಳು: "ಬೀರಿನ ಬಾಟ್ಲಿ ಕಲ್ಲಿನ ಮ್ಯಾಲ ಬಿದ್ರೂ ಬಿರ್‍ಯಂಗಿಲ್ರಿ ಬಾಯಾರ. ಈ ಎಣ್ಣಿ ಬಾಟ್ಲಿ ಅಂದ್ರ ನಿಮ್ಮ ಬೀಗರಂಗ. ನೋಡಾಕ ಚಂದ, ಒಂದು ಮಾತು ತಾಳಂಗಿಲ್ಲ."

"ಸುಮ್ನಿರಬೇ, ಅವರಿಗೆ ಕೇಳಿಸೀತು" ಎಂದು ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಹೇಳಿದಂಥ ಬಾಟಲಿಗಳನ್ನೇ ಆಕೆ ಹುಡುಕಿ ತಂದಳು. ಹುಡುಕಲು ವಾರಕ್ಕಿಂತ ಹೆಚ್ಚು ಹಿಡಿಯಿತು. ಎಣ್ಣೆಯ ಜಿಡ್ಡು ಹೋಗಲು ಸುಣ್ಣದ ನೀರಿನಲ್ಲಿ ಎರಡು ದಿನ ನೆನೆಹಾಕಿ ತೊಳೆದಳು.

ಇಲ್ಲಿಂದ ಮುಂದಿನದೆಲ್ಲ ನಾವೇ ಮಾಡಿದ್ದು.

ಆ ವರ್ಷ ಥಂಡಿ ಜೋರಾಗಿತ್ತು. ಥಂಡಿಯಲ್ಲಿ ಹುಳಿ ನಿಧಾನ. ಭರಣಿ ಹುಗಿದು ತಿಂಗಳಾಗಿದ್ದರೂ ಕಿವಿಗೊಟ್ಟರೆ ಒಳಗೆ ಸಣ್ಣಗೆ ಸಿಣಸಿಣ ಸದ್ದು. ಆದರೆ ಅಕ್ಕನಿಗೆ ದಿನ ತುಂಬಿತ್ತು. ಹೆರಿಗೆಯಾದರೆ ಮನೆಗೆ ವೃದ್ಧಿ ಬರುತ್ತದೆ, ಹುಟ್ಟಿನ ಮೈಲಿಗೆ. ಅಷ್ಟು ದಿನ ಅಪ್ಪ ಭರಣಿ ಮುಟ್ಟುವಂತಿಲ್ಲ. ಮುಟ್ಟದಿದ್ದರೂ ಭರಣಿಯಲ್ಲಿರುವುದಕ್ಕೆ ಮೈಲಿಗೆ ತಟ್ಟಿ ಚೆಲ್ಲಬೇಕಾಗುತ್ತದೆ. ಬಾಟಲಿಗೆ ತುಂಬಿ ಬೂಚು ಬಡಿದು ಮೇಣ ಹಾಕಿದ್ದಕ್ಕೆ ಮಾತ್ರ ತಟ್ಟುವುದಿಲ್ಲ. ಇದು ಯಾವ ಗ್ರಂಥದಲ್ಲಿದೆಯೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇತ್ತು.

ಅರಿಷ್ಟ ಆಗಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಉರಿಯುವ ಕಡ್ಡಿಯನ್ನು ಭರಣಿಯ ಬಾಯಲ್ಲಿ ಹಿಡಿಯಬೇಕು. ಉರಿದರೆ ಆಗಿದೆ, ಆರಿದರೆ ಇನ್ನೂ ಹುಳಿಯುತ್ತಿದೆ. ಕಡ್ಡಿ ಹಿಡಿದವಳು ನಾನು. ಆರಿತು. ಇನ್ನೊಂದು ಹಿಡಿದೆ. ಅದೂ ಆರಿತು.

"ಕಡ್ಡಿ ಥಂಡಿ ಹಿಡದಾವ" ಎಂದರು ಅಪ್ಪ. "ತುಂಬಸು."

"ಅಪ್ಪಾ, ಇನ್ನೂ ಗ್ಯಾಸ್ ಬರ್ಲಿಕ್ಕತ್ತದ" ಎಂದು ನಾನು ಹೇಳಿದೆ. ಹಾಗೆಂದು ಎಷ್ಟೋ ವರ್ಷ ನಂಬಿದ್ದೆ. ಈಚೆಗೆ ಆ ಕಾಲದ ದಿನಚರಿ ತೆಗೆದು ನೋಡಿದರೆ ಕಡ್ಡಿ ಎರಡು ಸಲ ಆರಿದ್ದು ಇದೆ, ಅಪ್ಪನ ಮಾತು ಇದೆ, ನನ್ನ ಮಾತು ಇಲ್ಲ. ಸಣ್ಣಪುಟ್ಟ ಜಾಣತನವನ್ನೆಲ್ಲ ಬರೆದುಕೊಳ್ಳುತ್ತಿದ್ದ ನಾನು ಇದೊಂದನ್ನು ಬಿಟ್ಟಿರಲು ಸಾಧ್ಯವಿಲ್ಲ. ನಾನು ಹೇಳಿರಲಿಕ್ಕಿಲ್ಲ. ಬಾಟಲಿ ತುಂಬಿಸಿದೆ. ಅಪ್ಪ ಬೂಚು ಬಡಿದು, ಮೇಲೆ ಅರಿವೆ ಇಟ್ಟು, ಹುರಿಯಿಂದ ಬಿಗಿದು, ಮೇಣ ಸುರಿದರು. ಮೂರನೆಯ ದಿನ ಅಕ್ಕ ಗಂಡುಕೂಸು ಹೆತ್ತಳು.

ಬಾಟಲಿಗಳನ್ನು ಇಟ್ಟದ್ದು ಬಾಣಂತಿ ಕೋಣೆಯ ಗೋಡೆಯ ಗೂಡಿನಲ್ಲಿ, ಅವಳಿಗೆ ಕೈಗೆಟುಕಲಿ ಎಂದು. ಆ ಕೋಣೆಗೆ ಕಿಟಕಿ ಇಲ್ಲ. ಹೊರಸಿನ ಕೆಳಗೆ ಹಗಲು ರಾತ್ರಿ ಕೆಂಡದ ಬೋಗುಣಿ. ಥಂಡಿಗೆ ಮಂಕಾಗಿದ್ದ ಹುಳಿ ಆ ಕಾವಿಗೆ ಎದ್ದು ಕೂತಿತು. ಹುದುಗಿನ ಮೇಲೆ ಶಾಖದ ಪರಿಣಾಮವನ್ನು ನಾನು ಆ ವರ್ಷವೇ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ.

ಒಡೆದದ್ದು ಹೆಸರಿಡುವ ದಿನ, ಬೆಳಗಿನ ಹತ್ತರ ಹೊತ್ತಿಗೆ. ಕೂಸನ್ನು ಆಗಷ್ಟೇ ಪಡಸಾಲೆಯ ತೊಟ್ಟಿಲಿಗೆ ತಂದಿದ್ದರು, ಅಕ್ಕನೂ ಹೊರಗೆ ಬಂದಿದ್ದಳು. ಕೋಣೆಯೊಳಗೆ ಗುಂಡು ಹಾರಿಸಿದಂತೆ ಒಂದು ಸದ್ದು, ಅದರ ಬೆನ್ನಿಗೆ ಮತ್ತೊಂದು. ಏಳು ಬಾಟಲಿ ಎಂದು ನನ್ನ ನೆನಪು. ನಾಲ್ಕು ಎಂದು ದಿನಚರಿ. ಗೋಡೆ ತುಂಬ ಕೆಂಪು ರಸ. ಹೊರಸಿನ ಕೌದಿಯಲ್ಲಿ ಬೆರಳುದ್ದದ ಗಾಜಿನ ಚೂರು ನೆಟ್ಟಿತ್ತು, ಸ್ವಲ್ಪ ಹೊತ್ತಿನ ಮುಂಚೆ ಕೂಸು ಮಲಗಿದ್ದ ಜಾಗದಲ್ಲಿ. ಅಕ್ಕ ಚೀರಿದಳು. ಕಿತ್ತೂರು, ಸವದತ್ತಿಗಳಿಂದ ಬಂದಿದ್ದ ನೆಂಟರೆಲ್ಲ ಬಾಗಿಲಿಗೆ ಮುತ್ತಿದರು.

ಅಪ್ಪ ಒಂದು ನಿಮಿಷವೂ ಯೋಚಿಸಲಿಲ್ಲ. "ಆಕಿ ಸರಿ ತೊಳದಿಲ್ಲ. ಒಳಗ ಸೆರೆ ಉಳದಿತ್ತು, ಔಷಧಕ್ಕ ಸೇರಿ ಕೆರಳ್ತು."

"ನಾ ಅವತ್ತs ಹೇಳಿದ್ನಲ್ಲ?" ಎಂದರು ರಾಮದುರ್ಗದ ಬೀಗರು.

ಸೆರೆ! ತಲೆಗೆಣ್ಣೆಯ ಬಾಟಲಿಯಲ್ಲಿ ಸೆರೆ ಎಲ್ಲಿಂದ ಬಂತು? ಇದ್ದರೂ ಅದು ಕೆರಳುವುದು ಎಂದರೇನು? ಅಲ್ಲಿದ್ದವರಲ್ಲಿ ಈ ಮಾತು ಮೂರ್ಖತನ ಎಂದು ಖಚಿತವಾಗಿ ಬಲ್ಲವಳು ನಾನೊಬ್ಬಳೇ. ಬಗ್ಗಿ ಗಾಜು ಆರಿಸುತ್ತಿದ್ದೆ. ಈಗ ಅದನ್ನು ನೆನೆದರೆ ಆ ಬಗ್ಗಿದ ಬೆನ್ನಿಗೆ ಒದೆಯಬೇಕೆನ್ನಿಸುತ್ತದೆ.

ಸಂಜೆಯೊಳಗೆ ಮಾತು ಬೆಳೆದಿತ್ತು. ಬಾಟ್ಲಿಯಾಕಿ ಬೈಸಿಕೊಂಡ ಸಿಟ್ಟಿಗೆ ಬೇಕೆಂದೇ ಸೆರೆ ಬಾಟಲಿ ಬೆರೆಸಿದ್ದಾಳೆ, ಬಾಣಂತಿ ಇರುವ ಮನೆ ಎಂದು ಸಹ ನೋಡಲಿಲ್ಲ, ಎಂದು. ಆಕೆಯ ಬದುಕು ನಿಂತಿದ್ದೇ ಇಂಥ ಹತ್ತಾರು ಮನೆಗಳ ಹಿತ್ತಲ ಬಾಗಿಲಿನ ಮೇಲೆ: ತುಪ್ಪ ಮಾರುವವರು, ಉಪ್ಪಿನಕಾಯಿ ಹಾಕುವವರು, ಗಾಣದವರು. ಆಕೆ ತೊಳೆದದ್ದು ಚೊಕ್ಕ ಎನ್ನುವ ನಂಬಿಕೆಯೊಂದೇ ಆಕೆಯ ಬಂಡವಾಳ. ಎರಡು ವಾರದಲ್ಲಿ ಆ ಬಾಗಿಲುಗಳೆಲ್ಲ ಮುಚ್ಚಿದವು.

ಆಮೇಲೆ ಒಂದು ಮಧ್ಯಾಹ್ನ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಬೇವಿನ ಮರದಾಚೆಯೇ ನಿಂತು ಅಪ್ಪನನ್ನು ಕರೆದಳು.

"ಆಚಾರ್ರ, ತುಪ್ಪದಾವ್ರು ಬ್ಯಾಡ ಅಂದ್ರು, ಉಪ್ಪಿನಕಾಯಿಯಾವ್ರು ಬ್ಯಾಡ ಅಂದ್ರು. ಆಚಾರ್ರ ಮನ್ಯಾಗ ಹಿಂಗ ಮಾಡಿದಾಕಿ ಅಂತಾರ. ತೆಳ್ಳನ ಬಾಟ್ಲಿ ತಡ್ಯಂಗಿಲ್ಲ ಅಂತ ನಾ ಹೇಳಿದ್ದೆನೋ ಇಲ್ಲೋ? ಆಕಿ ತಪ್ಪಲ್ಲ ಅಂತ ನಾಕ ಮಂದಿ ಮುಂದ ಒಂದ ಮಾತು ಹೇಳ್ರಿ. ಅಷ್ಟ ಸಾಕು."

ಅಪ್ಪ ನನ್ನ ಕಡೆ ಕೈ ತೋರಿಸಿದರು. "ಮಗಳು ಅದನ್ನs ಓದಿದಾಕಿ ಇದ್ದಾಳ. ಆಕಿನ್ನ ಕೇಳು."

ಆಕೆಯ ಮುಖ ಗೆಲುವಾಯಿತು. ನನ್ನ ಮೇಲೆ ಅಷ್ಟು ಭರವಸೆ ಇತ್ತು. "ಹೇಳ್ರಿ ಅಕ್ಕಾರ."

ಥಂಡಿ, ವೃದ್ಧಿಯ ಅವಸರ, ಆರಿದ ಕಡ್ಡಿ, ಹೊರಸಿನ ಕೆಳಗಿನ ಕೆಂಡ, ತೆಳು ಗಾಜು. ಎಲ್ಲವೂ ಸಾಲಾಗಿ ನನ್ನ ತಲೆಯಲ್ಲಿದ್ದವು. ಒಂದೇ ಉಸಿರಿನಲ್ಲಿ ಹೇಳಬಹುದಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದರು.

"ಖಾತ್ರಿ ಮಾಡಿ ಹೇಳ್ಲಿಕ್ಕೆ ಆಗೂದಿಲ್ಲ" ಎಂದೆ. "ಭಾಳ ಕಾರಣ ಇರ್ತಾವ."

ಈ ಮಾತು ದಿನಚರಿಯಲ್ಲಿಲ್ಲ. ಆದರೂ ಇದನ್ನು ಆಡಿದೆನೆಂದು ಆಣೆ ಇಟ್ಟು ಹೇಳಬಲ್ಲೆ. ಯಾವುದನ್ನೂ ಎರಡು ಸಲ ನೋಡದೆ ಒಪ್ಪಬಾರದು ಎಂದು ವಿಶ್ವವಿದ್ಯಾಲಯ ಕಲಿಸಿತ್ತು. ಕಲಿತ ವಿದ್ಯೆಯನ್ನು ನಾನು ಮೊಟ್ಟಮೊದಲು ಬಳಸಿದ್ದು ಹೀಗೆ, ಒಬ್ಬಳ ಅನ್ನ ಕೀಳಲಿಕ್ಕೆ.

ಆಕೆ ಸಿಟ್ಟಾಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟ ಹೇಳಾಕ ಅಷ್ಟ ವರ್ಷ ಸಾಲಿ ಬೇಕಾತೇನ್ರಿ ಅಕ್ಕಾರ?" ಎಂದು ಹೊರಟುಹೋದಳು. ಅವ್ವ ಒಳಗೆ ಕೌದಿ ಮಡಚುತ್ತಿದ್ದಳು, ಹೊರಗೆ ಬರಲಿಲ್ಲ. ಬೇಸಿಗೆಗೆ ಆಕೆ ಸವದತ್ತಿಗೆ ಹೋದಳು ಎಂದು ಯಾರೋ ಅಂದರು. ಅಲ್ಲಿ ಬಾಟಲಿಯ ಕೆಲಸವನ್ನೇ ಮಾಡಿದಳೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಮರುವರ್ಷದ ಚಳಿಗಾಲ ಅಪ್ಪ ಏನು ಮಾಡಿದರು ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬೆಳಗಾವಿಯಿಂದ ಬಸ್ಸಿನ ಮೇಲೆ ಒಂದು ಗೋಣಿಚೀಲ ತರಿಸಿದರು. ಒಳಗೆ ದಪ್ಪನೆಯ ಬಿಯರ್ ಬಾಟಲಿಗಳು. ಬಚ್ಚಲಿನ ಬಾಗಿಲು ಮುಚ್ಚಿಕೊಂಡು ಅವ್ವನೇ ಚೀಟಿ ಕಿತ್ತಳು, ಅವ್ವನೇ ತೊಳೆದಳು. ಕಡ್ಡಿ ಬೆರಳಿಗೆ ಸುಡುವವರೆಗೆ ಭರಣಿಯ ಬಾಯಲ್ಲಿ ಉರಿದ ದಿನವೇ ಅಪ್ಪ ತುಂಬಿಸಿದ್ದು, ಅದಕ್ಕೆ ಮುಂಚೆ ಒಂದು ಹನಿಯನ್ನೂ ಅಲ್ಲ. ಬಾಟಲಿ ಇಟ್ಟದ್ದು ತಣ್ಣನೆಯ ನೆಲಮಾಳಿಗೆಯಲ್ಲಿ. ಒಂದೊಂದೇ ತಪ್ಪನ್ನು ಹುಡುಕಿ ತಿದ್ದಿದ್ದರು. ಅವರಿಗೆ ಎಲ್ಲವೂ ಗೊತ್ತಿತ್ತು.

"ಆಕಿನ್ನ ಕರಸೋಣಲ್ಲ ಅಪ್ಪಾ?" ಎಂದೆ.

"ಈಗ ಕರದ್ರ ಹ್ವಾದ ವರ್ಷದ್ದು ನಮ್ಮ ತಪ್ಪು ಅಂತ ಆಗ್ತದ" ಎಂದರು. ದನಿಯಲ್ಲಿ ಗಡಸು ಇರಲಿಲ್ಲ, ಒಂದು ಲೆಕ್ಕ ಬಿಡಿಸಿ ತೋರಿಸಿದ ಹಾಗಿತ್ತು. ಆಮೇಲೆ ನನ್ನ ಮುಂದೆ ಗುಂಡಗೆ ಕತ್ತರಿಸಿದ ಕಾಗದದ ಚೀಟಿಗಳನ್ನಿಟ್ಟರು. ತಳದ ಇಂಗ್ಲಿಷ್ ಅಕ್ಷರ ಯಾರಿಗೂ ಕಾಣದಂತೆ ಅವುಗಳ ಮೇಲೆ ಅಂಟಿಸಬೇಕಿತ್ತು.

ಆ ದಿನದ ಪುಟದಲ್ಲಿ ನಾನು ಬರೆದುಕೊಂಡಿರುವುದು ಇಷ್ಟು: "ಮೂವತ್ತು ಬಾಟಲಿಗೆ ತಳದಲ್ಲಿ ಚೀಟಿ ಅಂಟಿಸಿದೆ, 'ದ್ರಾಕ್ಷಾರಿಷ್ಟ' ಎಂದು ಬರೆದು. ಅಕ್ಷರ ಮುತ್ತಿನಂತಿವೆ ಎಂದು ಅಪ್ಪ ಹೊಗಳಿದರು. ಖುಷಿಯಾಯಿತು."