ಅತ್ತೆಯ ಹಲ್ಲೂ ಕುರಿ ಗ್ರೂಪೂ

ನನ್ನ ಓರಗಿತ್ತಿ ದಾಸಮ್ಮನ ಬಾಯಿ ನಮ್ಮೂರು ಮಿಡಿಗೇಶಿಗೆಲ್ಲ ಗೊತ್ತು. ಕುರಿ ಸಾಕುವವಳು, ಫೋನಿನಲ್ಲೂ ಕುರಿ ವ್ಯಾಪಾರದ ಗ್ರೂಪಿನಲ್ಲೇ ಅವಳ ವಾಸ. ಅಲ್ಲಿ ನಮಸ್ಕಾರ ಗಿಮಸ್ಕಾರ ಏನಿಲ್ಲ. "ಲೇ, ಎರಡು ಹಲ್ಲಿನ ಟಗರು, ಎಡಗಿವಿ ಹರಿದೈತೆ, ಬೇಕಾದೋರು ಮಾತಾಡಿ" ಎಂದು ಧ್ವನಿ ಕಳಿಸಿದರೆ ಮುಗಿಯಿತು; ಕುರಿಯ ವಯಸ್ಸು ಹಲ್ಲಿನಲ್ಲೇ ಲೆಕ್ಕ. ಅದೇ ಬಾಯಲ್ಲಿ ನೆಂಟರ ಗ್ರೂಪಿನಲ್ಲೂ ಮಾತಾಡಿದ್ದಕ್ಕೆ ನನ್ನ ಗಂಡ ರೇಣುಕಯ್ಯ ಅವಳನ್ನು ಅಲ್ಲಿಂದ ತೆಗೆದೇ ಹಾಕಿದ್ದರು. ನೆಂಟರ ಗ್ರೂಪೆಂದರೆ ದಿನಾ ಗುಲಾಬಿ ಹೂವು, ಶುಭೋದಯ, ಯಾರಾದರೂ ಸತ್ತರೆ ಓಂ ಶಾಂತಿ.

ಮೊನ್ನೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮತ್ತೆ ಮುನಿಯಮ್ಮ ಕಾಣೆಯಾದರು. ಇತ್ತೀಚೆಗೆ ಅವರಿಗೆ ಮರೆವು. ನಾವು ಅತ್ತ ತಿರುಗುವಷ್ಟರಲ್ಲಿ ಯಾವುದೋ ಬಸ್ಸು ಹತ್ತಿಬಿಟ್ಟಿದ್ದರು.

ರೇಣುಕಯ್ಯ ಕೂಡಲೇ ನೆಂಟರ ಗ್ರೂಪಿಗೆ ಬರೆದರು: "ಆತ್ಮೀಯ ಬಂಧುಗಳೇ, ಅತೀವ ದುಃಖದಿಂದ ತಿಳಿಸುವುದೇನೆಂದರೆ, ನಮ್ಮ ಪೂಜ್ಯ ಮಾತೃಶ್ರೀ ಮುನಿಯಮ್ಮನವರು..." ಕಾಣೆಯಾದ ಮಾತು ಇದ್ದದ್ದು ಕೊನೆಯಲ್ಲಿ, ಅಲ್ಲಿಯವರೆಗೆ ಓದುವ ತಾಳ್ಮೆ ಯಾರಿಗಿದೆ? ಆ ಧಾಟಿ ಅಲ್ಲಿ ಬರುವುದೇ ಸಾವಿನ ಸುದ್ದಿಗೆ. ಸಾಲುಸಾಲಾಗಿ ಓಂ ಶಾಂತಿ ಬಂತು. ಸಿರಾದ ಮಹಾಲಕ್ಷ್ಮಮ್ಮ "ಮಣ್ಣು ಎಷ್ಟೊತ್ತಿಗೆ?" ಎಂದು ಕೇಳಿಯೇ ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಜೊತೆಗಿದ್ದ ದಾಸಮ್ಮ ಫೋನು ಬಾಯಿಗಿಟ್ಟು ಕುರಿ ಗ್ರೂಪಿಗೆ ಕೂಗಿದಳು: "ಲೇ, ಎಲ್ಲಾರೂ ಕೇಳ್ರೋ! ನಮ್ಮತ್ತೆ ತಪ್ಪಿಸ್ಕೊಂಡವ್ಳೆ. ಮೂರು ಹಲ್ಲು, ಬಿಳೀ ತಲೆ, ಬಲಗಿವಿ ಹರಿದೈತೆ, ಎಡಗಾಲು ಎಳೀತಾಳೆ, ಹಸ್ರು ಸೀರೆ. ಕಂಡೋರು ಬುಡಬ್ಯಾಡಿ, ಹಿಡ್ಕಳಿ!"

"ಅಯ್ಯೋ, ಅತ್ತೇನ ಟಗರು ಮಾಡ್ಬುಟ್ಟೆಯಲ್ಲೇ!" ಎಂದೆ.

"ಸುಮ್ಕಿರಕ್ಕ, ನಂಗೆ ಬರೋದೇ ಇಂಗೆ" ಎಂದವಳ ಕಣ್ಣು ತುಂಬಿತ್ತು.

ಕುರಿಯವರಿಗೆ ಗುರುತು ಹೇಳಿದರೆ ಸಾಕು, ಕಣ್ಣು ತಾನಾಗಿ ಹುಡುಕುತ್ತದೆ. ಮಧ್ಯಾಹ್ನಕ್ಕೆ ಅದೇ ಗ್ರೂಪಿನಲ್ಲಿ ಪಾವಗಡ ಕಡೆಯ ಅಡವಯ್ಯನ ತೆಲುಗು ಬೆರೆತ ಧ್ವನಿ ಬಂತು: "ಅಕ್ಕೋ, ರಾಯಚರ್ಲು ಬಸ್‌ಸ್ಟಾಪ್‌ನಾಗವ್ಳೆ! ಕಿವಿ, ಕಾಲು, ಅನ್ನೀ, ಎಲ್ಲಾ ಕರೆಕ್ಟು. ಹಲ್ಲು ನೋಡಾಕೋದ್ರೆ ಹೊಡಿಯಾಕೆ ಬಂತು ನಿಮ್ ಮುದ್ಕಿ ಮುಸ್ಲಮ್ಮ!"

ಮಿಡಿಗೇಶಿಯಲ್ಲಿ ಇಳಿಯುವುದು ಮರೆತು ಅಷ್ಟು ದೂರ ಹೋಗಿದ್ದರು! ನಾವು ತಲುಪಿದಾಗ ಅಡವಯ್ಯನ ಪಕ್ಕ ಕೂತು ಬನ್ನು ತಿನ್ನುತ್ತಿದ್ದರು. ರೇಣುಕಯ್ಯ ತಾಯಿಯ ಕಾಲು ಹಿಡಿದು ಗೊಳೋ ಎಂದು ಅತ್ತರು. ಕಣ್ಣೊರೆಸಿಕೊಂಡು ದಾಸಮ್ಮನನ್ನು ಮತ್ತೆ ನೆಂಟರ ಗ್ರೂಪಿಗೆ ಸೇರಿಸಿ, "ನೀನೇ ಹೇಳವ್ವ, ನಿನ್ ಬಾಯಲ್ಲೇ ಹೇಳು" ಎಂದರು. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ದಾಸಮ್ಮ ಓಂ ಶಾಂತಿಗಳನ್ನು ಓದಿ ಹೇಳಿ, ತಾನು ಕುರಿ ಗ್ರೂಪಿಗೆ ಕೂಗಿದ ಗುರುತನ್ನೂ ಕೇಳಿಸಿ, ಫೋನನ್ನು ಅತ್ತೆಯ ಮುಂದೆ ಹಿಡಿದಳು. ಅಷ್ಟೂ ಓಂ ಶಾಂತಿಗಳ ಕೆಳಗೆ ಅತ್ತೆಯ ಧ್ವನಿ ಹೋಯಿತು: "ಲೇ, ನಾನಿನ್ನೂ ಬದ್ಕಿವ್ನಿ ಕಣ್ರೋ! ಮೂರಲ್ಲ, ನಾಕು ಹಲ್ಲವೆ!"