ಸಾವಕ್ಕನ ಬೆಳ್ಳುಳ್ಳಿ ಸಾಮ್ರಾಜ್ಯ

ಬೆಟಗೇರಿಯ ಹನ್ನೊಂದು ಓಣಿಗಳನ್ನು ಸಾವಕ್ಕ ಇಪ್ಪತ್ತು ವರ್ಷ ಆಳಿದಳು. ವಾಹನ, ಒಂದು ತಳ್ಳುಗಾಡಿ. ಬೊಕ್ಕಸ, ಒಂದು ಬುಟ್ಟಿ ಬೆಳ್ಳುಳ್ಳಿ. ತಗಡು, ಬಾಟಲಿ, ತೊಳೆದು ಒಣಗಿಸಿದ ಹಾಲಿನ ಕವರು ತಂದವರಿಗೆ ತೂಗಿ ಬೆಳ್ಳುಳ್ಳಿ ಕೊಡುವಳು. ಪ್ಲಾಸ್ಟಿಕ್ಕನ್ನು ಉಗುರಿನಿಂದ ಬಡಿದು, ಸದ್ದು ಕೇಳಿಯೇ ಅದರ ಕುಲಗೋತ್ರ ಹೇಳಬಲ್ಲಳು.

ಆ ರಾಜ್ಯದ ಮೇಲೆ ಒಂದು ಸೋಮವಾರ ದಂಡು ಬಂತು. ಒಣ ಕಸವನ್ನು ಬೇರೆ ಮಾಡಿ ಕಸದ ಗಾಡಿಗೇ ಕೊಡಬೇಕೆಂಬ ಹೊಸ ನಿಯಮ. ಮೈಕಿನಲ್ಲಿ ಹಾಡು ಹಾಕಿಕೊಂಡು ಬಂದ ಗಾಡಿ ಎಲ್ಲವನ್ನೂ ಬಾಚಿಕೊಂಡು ಹೋಯಿತು. ತಿಂಗಳು ತುಂಬುವಷ್ಟರಲ್ಲಿ ಬುಟ್ಟಿಯ ಬೆಳ್ಳುಳ್ಳಿ ಮೊಳಕೆಯೊಡೆಯಿತು. ಹೀಗೇ ಆದರೆ ತಳ್ಳುಗಾಡಿಯನ್ನೇ ಗುಜರಿಗೆ ಹಾಕಬೇಕು.

ಅಳು ಬರುವ ಮೊದಲೇ ಸಾವಕ್ಕನಿಗೆ ಕುತೂಹಲ ಬಂತು. ಇಷ್ಟೆಲ್ಲ ಒಯ್ದು ಇವರು ಮಾಡುವುದೇನು? ಒಂದು ಬೆಳಿಗ್ಗೆ ಗಾಡಿಯ ಬೆನ್ನು ಹತ್ತಿದಳು. ಚಾಲಕ ಗೋಣೆಪ್ಪ ಕನಿಕರಪಟ್ಟು ನಿಲ್ಲಿಸಿದ.

“ಎಲ್ಲಿಗಿ ಹೊಂಟಿ ಸಾವಕ್ಕಾ?”

“ನನ್ನ ಕಸ ನೋಡಾಕ. ಆಕಡಿ ಸರಿ.”

ಮಲ್ಲಸಮುದ್ರದ ಹಾದಿಯ ಕಸ ವಿಂಗಡಿಸುವ ಶೆಡ್ಡಿನಲ್ಲಿ ಹಾಲಿನ ಕವರಿನ ಗುಡ್ಡವೇ ಇತ್ತು. ಅದರ ವಾಸನೆ ರಸ್ತೆಗೇ ಬಂದು ಎದುರುಗೊಂಡಿತು. ಶೆಡ್ಡು ನೋಡಿಕೊಳ್ಳುವ ಅಂಕಿತಾ ಮೂಗಿಗೆ ವೇಲು ಕಟ್ಟಿಕೊಂಡಿದ್ದಳು.

“ಪ್ಲಾಸ್ಟಿಕ್ ಕರಗಿಸೂ ಕಂಪನಿಯವ್ರು ಹೊಲಸು ಮಾಲು ಒಲ್ಲೆ ಅಂತಾರ್ರಿ. ಎಲ್ಲಾ ಹೂಳಾಕ ಒಯ್ಯೂದ.”

ಸಾವಕ್ಕ ಒಂದು ಕವರು ಎತ್ತಿದಳು. ಒಳಗೆ ಹುಳಿಹಾಲು, ಬಾಯಿಗೆ ಕೆಂಪು ರೇಷ್ಮೆ ಎಳೆ. ನೇಕಾರರ ಓಣಿಯ ಮಂಜವ್ವನ ಗಂಟು ಅದು. ಪ್ರತಿ ಕವರನ್ನೂ ಎರಡು ಸಲ ತೊಳೆದು, ಅಡುಗೆಮನೆಯ ಗೋಡೆಗೆ ಅಂಟಿಸಿ ಒಣಗಿಸುತ್ತಿದ್ದ ಮಂಜವ್ವ! ತಡೆಯಲಾಗದೆ ಸಾವಕ್ಕ ಅದೇ ಗಾಡಿಯಲ್ಲಿ ವಾಪಸು ಬಂದು ಅವಳನ್ನು ಕೇಳಿಯೇ ಬಿಟ್ಟಳು.

“ಯಾಕ ತೊಳೀಲಿಲ್ಲಬೇ?”

“ನೀ ಬಳ್ಳೊಳ್ಳಿ ಕೊಡ್ತಿದ್ದಿ, ತೊಳೀತಿದ್ದೆ. ಇಂವ ಹಾಡು ಕೊಡ್ತಾನ. ಹಾಡಿಗೆ ಯಾರ ತೊಳೀತಾರ?” ಎಂದಳು ಮಂಜವ್ವ.

ಈ ತೀರ್ಪನ್ನು ಸಾವಕ್ಕ ಶೆಡ್ಡಿಗೆ ಮುಟ್ಟಿಸಿದಳು. ಅಂಕಿತಾ ಮೊದಲು ನಕ್ಕಳು, ಆಮೇಲೆ ಗುಡ್ಡದ ಕಡೆ ನೋಡಿದಳು. ಕೊನೆಗೆ ಸಂಧಾನವಾಯಿತು: ತೊಳೆದ ಕವರಿಗೆ ಬೆಳ್ಳುಳ್ಳಿ ಕೊಡುವವಳು ಸಾವಕ್ಕ, ಕವರು ಶೆಡ್ಡಿಗೆ, ಬೆಳ್ಳುಳ್ಳಿಯ ಖರ್ಚೂ ಶೆಡ್ಡಿನದೇ.

“ತಗಡು, ಕಬ್ಬಿಣ ಮಾತ್ರ ನಂದು. ಅದರ ಮ್ಯಾಲೆ ಕಣ್ಣ ಹಾಕಬ್ಯಾಡ್ರಿ,” ಎಂದು ಸಾವಕ್ಕ ಗಡಿ ಹಾಕಿದಳು.

ಮರುದಿನ ಗಾಡಿಯ ಹಾಡು ನಿಂತಿತು. ಗೋಣೆಪ್ಪನ ಪಕ್ಕದಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮೈಕು ಹಿಡಿದವಳು ಸಾವಕ್ಕ. ಹಿಂದೆ ಹಗ್ಗ ಬಿಗಿದ ತಳ್ಳುಗಾಡಿ. ಮಂಜವ್ವ ನೀರು ಸೋರುವ ಕವರುಗಳನ್ನು ಹಿಡಿದು ಓಡಿ ಬಂದಳು.

“ಹಸಿ ಅದಾವು, ಒಣಗಸು,” ಎಂದಳು ಸಾವಕ್ಕ, ಬುಟ್ಟಿಯನ್ನು ಆಚೆ ಸರಿಸಿ. “ನಾಳಿ ಬರ್ತೀನಿ.”