ಮೂವತ್ತೈದನೆಯ ದಿನ

ನರ್ಸಮ್ಮನ ಬಿಳಿ ಸೀರೆಯ ಅಂಚು ಯಾವಾಗಲೂ ನಾಲ್ಕು ಬೆರಳಗಲ ಕೆಸರಿನ ಬಣ್ಣದ್ದಾಗಿರುತ್ತಿತ್ತು. ಸೂಳೆಕೆರೆ ನಾಲೆಯ ಏರಿಯ ಮೇಲೆ ನಡೆದು ವಾರಕ್ಕೊಮ್ಮೆ ನಮ್ಮ ಹಳ್ಳಿಗೆ ಬರುತ್ತಿದ್ದರು. ಒಗೆದರೂ ಹೋಗದ ಆ ಕಲೆಯನ್ನು "ಸರಕಾರ ಕೊಟ್ಟ ಬಾರ್ಡರ್" ಎಂದು ತಾವೇ ನಗುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಒಂಬತ್ತನೇ ಕ್ಲಾಸು. ಮುಟ್ಟಾದವರು ಮೂರು ದಿನ ಹಿತ್ತಲ ಚಪ್ಪರದಲ್ಲಿ ಕೂರಬೇಕಿತ್ತು. ಅಲ್ಲಿಗೇ ಬಂದು, ನಮ್ಮನ್ನು ಮುಟ್ಟಿಕೊಂಡೇ ಕೂತು ನರ್ಸಮ್ಮ ಪಾಠ ಹೇಳುತ್ತಿದ್ದರು.

"ಶುರುವಾದ ದಿನಾನೇ ಒಂದು ಅಂತ ಎಣಿಸ್ರಿ. ಮುಂದಿನ ಸಲ ಶುರುವಾಗೋ ಹಿಂದಿನ ದಿನಕ್ಕೆ ನಿಲ್ಲಿಸ್ರಿ. ಇಪ್ಪತ್ತೊಂದರಿಂದ ಮೂವತ್ತೈದರೊಳಗೆ ಎಷ್ಟು ಬಂದ್ರೂ ಹೆದರಬ್ಯಾಡ್ರಿ. ರಕ್ತ ಏಳು ದಿನ ದಾಟಿ ಹೋಗ್ತಾನೇ ಇದ್ರೆ ಮಾತ್ರ ನನಗೆ ಹೇಳ್ರಿ."

"ನಮ್ಮವ್ವ ಅಮಾಸಿಗೆ ಅಮಾಸಿ ಲೆಕ್ಕ ಹಿಡೀತಾಳಲ್ರೀ?" ಎಂದೆ.

"ಅಮಾಸಿ ಆಕಾಶದ್ದು ಕಣವ್ವ, ಮೈ ನಿಂದು. ಬರೆದಿಟ್ಟು ನೋಡು."

ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. ನನ್ನದು ಒಂದು ಸಾಲು, ಅಕ್ಕನದು ಒಂದು. ನನ್ನದು ಒಮ್ಮೆ ಇಪ್ಪತ್ತಾರು, ಒಮ್ಮೆ ನಲವತ್ತು. "ಹೊಸದರಾಗೆ ಹಂಗೇ, ಒಂದೆರಡು ವರ್ಷ ತಡಿ" ಎಂದರು. ಅಕ್ಕನದು ಮೂವತ್ತನಾಲ್ಕು, ಮೂವತ್ತೈದು, ಮೂವತ್ತಮೂರು. ಅದನ್ನು ನೋಡಿ ನರ್ಸಮ್ಮ ನನ್ನ ಬೆನ್ನು ತಟ್ಟಿದ್ದರು.

ಅಷ್ಟರಲ್ಲಿ ನ್ಯಾಮತಿಯ ಕಡೆ ಅಕ್ಕನ ಮದುವೆ ಗೊತ್ತಾಯಿತು. ಗೊತ್ತಾದ ಹುಡುಗಿ ಯಾವಾಗ ಹೊರಗೆ ಕೂತಳು ಎಂಬುದನ್ನು ಕೇರಿಯೇ ಎಣಿಸುತ್ತದೆ. ಪಕ್ಕದ ಮನೆಯಾಕೆ ನೀರು ಸೇದುತ್ತಾ ಕೇಳಿಯೇಬಿಟ್ಟಳು: "ಹೋದ ಅಮಾಸಿ ಹೋಳಿಗೆ ಊಟಕ್ಕೆ ನಿಮ್ಮ ದೊಡ್ಡಾಕಿ ಹಿತ್ತಲದಾಗಿದ್ಲು. ಈ ಅಮಾಸಿ ಹೋಗಿ ನಾಲ್ಕು ದಿನ ಆತು, ಇನ್ನೂ ಒಳಗೇ ಓಡಾಡ್ತಾಳಲ್ರೀ?"

ಅವ್ವ ಬಾಗಿಲು ಹಾಕಿಕೊಂಡು ಅಕ್ಕನ ಕೆನ್ನೆಗೆ ಹೊಡೆದಳು. ಆಮೇಲೆ ತಾನೇ ನರ್ಸಮ್ಮನನ್ನು ಕರೆಸಿದಳು.

ನರ್ಸಮ್ಮ ಅಕ್ಕನ ಜೊತೆ ಮಾತಾಡಿ, ಬೆರಳೆಣಿಸಿ ಹೇಳಿದರು: "ಮೂವತ್ತಮೂರು ದಿನ ಆಗೈತೆ ಅಷ್ಟೇ. ಈಕಿ ಮೈಯೇ ಹಂಗೆ, ಇನ್ನೆರಡು ದಿನ ನೋಡ್ರಿ. ಬೇಕಾದ್ರೆ ತಂಗಿ ಬರೆದಿಟ್ಟಾಳೆ, ತೋರ್ಸವ್ವ."

ಅವ್ವ ನನ್ನತ್ತ ತಿರುಗಿದಳು. "ಏನೇ, ಇಂಥದ್ದನ್ನೂ ಬರೆದಿಟ್ಟೀಯಾ?"

ಜಗಲಿಯಲ್ಲಿ ಅಪ್ಪ ಕೆಮ್ಮಿದ. ನೋಟ್‌ಬುಕ್ಕು ನನ್ನ ಚೀಲದಲ್ಲೇ ಇತ್ತು.

"ಇಲ್ಲ. ನಾನೇನೂ ಬರೆದಿಲ್ಲ."

ನರ್ಸಮ್ಮ ನನ್ನನ್ನು ನೋಡಿದರು. "ಹಂಗಾದ್ರೆ ನಾನೇ ತಪ್ಪು ತಿಳ್ಕೊಂಡಿದ್ದೆ" ಎಂದರು. ನಿಜವಾಗಿ ಹಾಗೆಂದರೇ? ಆಮೇಲಿನ ವರ್ಷಗಳ ದಿನಚರಿಯಲ್ಲಿ ಇದನ್ನು ಮೂರು ಸಲ ಬರೆದಿದ್ದೇನೆ. ಒಂದರಲ್ಲಿ ಅವರು ಮಾತೇ ಆಡಿಲ್ಲ. ನನ್ನ ಭಾರ ಇಳಿಯಲೆಂದು ಆ ಮಾತನ್ನು ನಾನೇ ಅವರ ಬಾಯಿಗೆ ಹಾಕಿರಬಹುದು. ಅವ್ವನ ಮಾತಿನ ಬಗ್ಗೆ ಮಾತ್ರ ಅನುಮಾನವಿಲ್ಲ: "ಹುಡುಗ್ಯಾರಿಗೆ ಸುಳ್ಳು ಕಲಿಸಾಕೆ ನಮ್ಮನಿಗೆ ಬರಬ್ಯಾಡ್ರಿ."

ಅಕ್ಕನಿಗೆ ಎರಡು ದಿನ ಕಹಿ ಕಷಾಯ ಕುಡಿಸಿದರು. ಪ್ರತಿ ಲೋಟಕ್ಕೂ ಅವಳು ವಾಂತಿ ಮಾಡಿಕೊಂಡಳು, ಅದನ್ನು ಕಂಡು ಅವ್ವನ ಅನುಮಾನ ಮತ್ತೂ ಬಲಿಯಿತು. ನಾನು ಆಗಲೂ ಹಾಳೆ ತೆಗೆದು ತೋರಿಸಲಿಲ್ಲ. ಮೂವತ್ತೈದನೆಯ ದಿನ ಬೆಳಿಗ್ಗೆ ಅಕ್ಕ ತಾನಾಗಿ ಚಪ್ಪರಕ್ಕೆ ಹೋಗಿ ಕೂತಳು. ಕಷಾಯ ಕೆಲಸ ಮಾಡಿತೆಂದು ಅವ್ವ ದೇವರಿಗೆ ಕಾಯಿ ಒಡೆಸಿದಳು.

ಮದುವೆ ನಡೆಯಿತು. ಆದರೆ ನಮ್ಮ ಮನೆಯ ಮಾತು ಕೇರಿಗೆಲ್ಲ ಹಬ್ಬಿ, ನರ್ಸಮ್ಮ ಬಂದರೆ ತಾಯಂದಿರು ಹುಡುಗಿಯರನ್ನು ಒಳಗೆ ಕರೆಯತೊಡಗಿದರು. ವರ್ಷದೊಳಗೆ ಅವರಿಗೆ ಜಗಳೂರಿನ ಕಡೆ ವರ್ಗವಾಯಿತು. ನಾನು ಯೂನಿವರ್ಸಿಟಿಗೆ ಹೋದೆ. ಅಲ್ಲಿ ಗೆಳತಿಯೊಬ್ಬಳ ವೈದ್ಯಕೀಯ ಪುಸ್ತಕ ತಿರುವಿದಾಗ ನರ್ಸಮ್ಮನ ಲೆಕ್ಕವೇ ಅಚ್ಚಾಗಿತ್ತು. ಅವರಿಗೊಂದು ಕಾಗದ ಬರೆಯಬೇಕೆಂದುಕೊಂಡೆ. ಬರೆಯಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಅಕ್ಕನಿಗೆ ಎಲ್ಲವನ್ನೂ ಹೇಳಿಕೊಂಡೆ.

"ನಂಗೆ ಅವತ್ತೇ ಗೊತ್ತಿತ್ತು ಕಣೆ" ಎಂದಳು ಅಕ್ಕ. "ನರ್ಸಮ್ಮಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅವ್ವಗೆ ಒಬ್ಬಳಿಗೇ."

ಈಗಲೂ ನರ್ಸಮ್ಮನ ಮಾತು ಬಂದರೆ ಅವ್ವ, "ಆ ಸುಳ್ಳುಬುರುಕಿ" ಎನ್ನುತ್ತಾಳೆ. ಇದನ್ನು ಬರೆಯುತ್ತಿರುವಾಗ ಅವಳು ಪಕ್ಕದ ಕೋಣೆಯಲ್ಲೇ ಅಕ್ಕಿ ಆರಿಸುತ್ತಿದ್ದಾಳೆ. ಎದ್ದು ಹೋಗಲು ನಾಲ್ಕು ಹೆಜ್ಜೆ ಸಾಕು. ನಾನಿನ್ನೂ ಬರೆಯುತ್ತಲೇ ಕೂತಿದ್ದೇನೆ.